ರ‍್ಯಾಂಪಿನ ಮೇಲೆ ಮೊಳೆತ ನೆಲ್ಲು

ಈಗೀಗ ನನಗೊಂದು ಕೆಟ್ಟ ಚಾಳಿ ಅಂಟಿಕೊಂಡಿದೆ. ಯಾರ ಮನೆಗೆ ಹೋದರೂ ಬಾಗಿಲಲ್ಲಿ ನಿಂತವರ ಮುಖ ಆಮೇಲೆ; ಮೊದಲು ಕಣ್ಣು ಹೋಗುವುದು ಗೇಟಿನ ಮುಂದಿನ ಇಳಿಜಾರಿಗೆ. ಏನು ಹಾಸಿದ್ದಾರೆ, ಹಾಸಿ ಎಷ್ಟು ವರ್ಷವಾಯಿತು, ಅಂಚು ಎಲ್ಲಿ ಕಿತ್ತಿದೆ, ಮಳೆಗಾಲದಲ್ಲಿ ಪಾಚಿ ಹಿಡಿಯುತ್ತದೆಯೇ ಎಂದೆಲ್ಲ ಮನಸ್ಸಿನಲ್ಲೇ ಪಂಚನಾಮೆ ನಡೆಯುತ್ತದೆ. ಯಾರೂ ನೋಡುತ್ತಿಲ್ಲ ಅನ್ನಿಸಿದರೆ ಚಪ್ಪಲಿ ಕಳಚಿ ಅಂಗಾಲಿನಿಂದ ಒಮ್ಮೆ ಉಜ್ಜಿಯೂ ನೋಡುತ್ತೇನೆ. ಹೋದ ವರ್ಷ ಸಿಂಧನೂರಿನಲ್ಲಿ ಗೆಳೆಯನೊಬ್ಬನ ತಂದೆ ತೀರಿಕೊಂಡಾಗ ಮಾತಾಡಿಸಿ ಬರಲು ಹೋಗಿದ್ದೆ. ಅವರ ಮನೆಯ ಮುಂದೆ ಒರಟು ಕಲ್ಲಿನ ಚೆಂದದ ಇಳಿಜಾರು. ನಾನು ಬಗ್ಗಿ ಬೆರಳಾಡಿಸುತ್ತಿದ್ದೆ. ಹೊರಗೆ ಬಂದ ಗೆಳೆಯ, ನಾನು ದುಃಖ ತಾಳಲಾರದೆ ನೆಲಕ್ಕೆ ಕುಸಿದಿದ್ದೇನೆಂದು ತಿಳಿದು, ರಟ್ಟೆ ಹಿಡಿದು ಎಬ್ಬಿಸಿ, ನನ್ನನ್ನೇ ಸಮಾಧಾನ ಮಾಡಿ ಒಳಗೆ ಕರೆದುಕೊಂಡು ಹೋದ. ನಾನೂ ಸುಮ್ಮನೆ ಸಮಾಧಾನ ಮಾಡಿಸಿಕೊಂಡೆ.

ಈ ಚಾಳಿಗೆ ಕಾರಣ ಲಿಂಗಸುಗೂರಿನಲ್ಲಿ ನಾವು ಕಟ್ಟಿಸಿದ ಮನೆ. ಊರ ಹೊರಗೆ ಗರಸು ನೆಲದ ದಿಬ್ಬ, ಅದರ ಮೇಲೆ ನಮ್ಮ ಪ್ಲಾಟು. ಕೊಂಡಾಗ ಪ್ಲಾಟೂ ರಸ್ತೆಯೂ ಒಂದೇ ಮಟ್ಟಕ್ಕಿದ್ದವು, ಆಮೇಲೆ ರಸ್ತೆ ಮಾಡುವವರು ಬಂದು ಕೆಳಗೆ ಅಗೆದು ನಮ್ಮನ್ನು ಮೇಲೆ ಬಿಟ್ಟು ಹೋದರು ಎಂಬುದು ನನ್ನ ನೆನಪು. ಮೊದಲಿಂದಲೂ ಅದು ಹಾಗೇ ಎತ್ತರದಲ್ಲಿತ್ತು, ನೀವೇ ಸೊಂಟದ ಮೇಲೆ ಕೈಯಿಟ್ಟು ನಿಂತು ಗಾಳಿ ಬೆಳಕು ಚೆನ್ನಾಗಿದೆ ಅಂದಿರಿ ಎಂಬುದು ನನ್ನ ಹೆಂಡತಿ ಶಾಂತಳ ನೆನಪು. ನಾನು ಕಾಲೇಜಿನಲ್ಲಿ ಇತಿಹಾಸ ಹೇಳುವವನು. ಒಂದೇ ಘಟನೆಗೆ ಎರಡು ಸಾಕ್ಷಿಗಳು ಎರಡು ಥರ ನುಡಿದರೆ ಏನು ಮಾಡಬೇಕೆಂದು ಹುಡುಗರಿಗೆ ಮೂವತ್ತು ವರ್ಷದಿಂದ ಪಾಠ ಮಾಡುತ್ತಿದ್ದೇನೆ. ಮನೆಯಲ್ಲಿ ಮಾತ್ರ ಹೆಂಡತಿಯ ಸಾಕ್ಷ್ಯವನ್ನೇ ಒಪ್ಪಿಕೊಂಡು ಬರುತ್ತೇನೆ. ಕಾರಣ ಏನೇ ಇರಲಿ, ರಸ್ತೆಯಿಂದ ನಮ್ಮ ಬಾಗಿಲಿಗೆ ಹದಿನೈದು ಅಡಿ ಉದ್ದಕ್ಕೆ ನಾಲ್ಕು ಅಡಿ ಏರು. ಕಾರು ಹತ್ತುವಾಗ ಬಾನೆಟ್ಟು ಬಿಟ್ಟರೆ ಬರೀ ಆಕಾಶ ಕಾಣುತ್ತದೆ.

ಆ ಏರಿಗೆ ಮೊದಲು ನಾನು ಹಾಸಿದ್ದು ಪಾಲಿಶ್ ಮಾಡಿದ ಗ್ರಾನೈಟು. ಅಡುಗೆಮನೆಯ ಕಟ್ಟೆಗೆ ಮುದಗಲ್ ಕಡೆಯಿಂದ ತರಿಸಿದ್ದು ಮಿಕ್ಕಿತ್ತು. ಗೌಂಡಿ ಮೌನೇಶಪ್ಪ ಬೇಡವೆಂದ. ಕಲ್ಲಿನ ಸೀಮೆಯಲ್ಲಿ ಹುಟ್ಟಿದವನಿಗೆ ಕಲ್ಲಿನ ಬಗ್ಗೆ ಹೇಳಿಕೊಡಬೇಡ ಎಂದು ನಾನಂದೆ. ಮಸ್ಕಿಯ ಗುಡ್ಡದ ಬುಡದಲ್ಲಿ ಬೆಳೆದವನು ನಾನು. ಹಾಗಾಗಿ ಕಲ್ಲಿನ ಮೇಲೆ ನನಗೊಂದು ಹುಟ್ಟುಹಕ್ಕು ಇದೆ ಎಂಬಂತೆ ಮಾತಾಡುವ ದುರಭ್ಯಾಸವೂ ಇದೆ. ಮೌನೇಶಪ್ಪ ತಲೆ ಕೆರೆದುಕೊಂಡು ಹಾಸಿದ. ಮುಖ ನೋಡಿಕೊಂಡು ತಲೆ ಬಾಚಿಕೊಳ್ಳಬಹುದಾದ ರ‍್ಯಾಂಪು ತಯಾರಾಯಿತು.

ಗೃಹಪ್ರವೇಶದ ದಿನ ಬೆಳಿಗ್ಗೆ ಅದನ್ನು ತೊಳೆದರು. ನಮ್ಮ ಮನೆಯಲ್ಲಿ ಮುಹೂರ್ತ ನೋಡುವ ರೂಢಿ ಅಪ್ಪನ ಕಾಲಕ್ಕೇ ನಿಂತಿತ್ತು. ರಜೆ ಇರಲಿ ಎಂದು ಭಾನುವಾರ ಇಟ್ಟುಕೊಂಡು, ಬುದ್ಧನ ಪಟದ ಮುಂದೆ ಮೇಣದಬತ್ತಿ ಹಚ್ಚಿ, ಬಂದವರಿಗೆ ಊಟ ಹಾಕುವುದು, ಅಷ್ಟೇ. ಎಲ್ಲರೂ ಗೋಡೆ ಹಿಡಿದುಕೊಂಡೋ, ಒಬ್ಬರ ಭುಜ ಒಬ್ಬರು ಹಿಡಿದುಕೊಂಡೋ ಹೇಗೋ ಹತ್ತಿ ಬಂದರು. ಆಗ ಸಿಂಧನೂರಿನಿಂದ ಅಕ್ಕ ಬಂದಳು.

ಅಕ್ಕನ ಬಗ್ಗೆ ಹೇಳಬೇಕು. ಹೆಸರು ಅಮರಮ್ಮ, ನನಗಿಂತ ಒಂಬತ್ತು ವರ್ಷಕ್ಕೆ ದೊಡ್ಡವಳು. ಬಳಗಾನೂರಿನ ಸಾಲಿಯಲ್ಲಿ ಟೀಚರಾಗಿದ್ದಳು. ಆಗಿನ ಕಾಲಕ್ಕೆ ಬಸ್ಸು ಇಳಿದ ಮೇಲೆ ಕಾಲುವೆಯ ಏರಿ ಹಿಡಿದು, ಗದ್ದೆಯ ಬದು ಹಿಡಿದು, ಎರೆಮಣ್ಣಿನಲ್ಲಿ ಒಂದೊಂದು ಕಾಲಿಗೆ ಒಂದೊಂದು ಸೇರು ಮಣ್ಣು ಮೆತ್ತಿಸಿಕೊಂಡು ನಡೆದು ಹೋಗುತ್ತಿದ್ದಳು. ಆ ಮಣ್ಣೇ ಅವಳ ಮೊಣಕಾಲು ತಿಂದಿತು ಎಂದು ಡಾಕ್ಟರು ಹೇಳದಿದ್ದರೂ ನಾನು ಹೇಳುತ್ತೇನೆ. ಮೆಟ್ಟಿಲು ಅವಳಿಗೆ ಆಗುವುದಿಲ್ಲ. ಏರಾದರೆ ಕೋಲೂರಿ ನಿಧಾನಕ್ಕೆ ಹತ್ತುತ್ತಾಳೆ, ಕಾಲು ಹಿಡಿಯುವಂತಿದ್ದರೆ ಮಾತ್ರ. ನಾನು ಓದಿದ್ದು ಅವಳಿಂದ. ಧಾರವಾಡಕ್ಕೆ ಹೋಗುವಾಗ ನನ್ನ ಟ್ರಂಕು ಹೊತ್ತು ಮಸ್ಕಿಯ ಬಸ್‌ಸ್ಟ್ಯಾಂಡಿನವರೆಗೆ ಬಂದವಳು ಅವಳೇ. ನಾನು ಆ ಕಡೆಯ ಹಿಡಿಕೆ ಹಿಡಿದಿದ್ದೆ ಎಂದು ನನಗೆ ನೆನಪು. ಅವಳನ್ನು ಕೇಳಿಲ್ಲ.

ಅಂಥ ಅಕ್ಕ ರ‍್ಯಾಂಪಿನ ಕೆಳಗೆ ನಿಂತು ಒಮ್ಮೆ ಕೋಲು ಊರಿದಳು. ಕೋಲು ಜಾರಿತು. ಇನ್ನೊಮ್ಮೆ ಊರಿದಳು, ಮತ್ತೆ ಜಾರಿತು. ಏನಾಗುತ್ತಿದೆಯೆಂದು ನನಗೆ ತಿಳಿಯುವ ಮೊದಲೇ ಉತ್ಸಾಹದ ನಾಲ್ಕು ಜನ ಒಂದು ಪ್ಲಾಸ್ಟಿಕ್ ಕುರ್ಚಿ ತಂದು, ಅವಳನ್ನು ಕೂರಿಸಿ, ನಾಲ್ಕು ಕಾಲಿಗೆ ನಾಲ್ಕು ಜನರಾಗಿ ಎತ್ತಿ, ಗದ್ದಲ ಮಾಡುತ್ತ ಹೊತ್ತು ತಂದರು. ಅರ್ಧ ದಾರಿಯಲ್ಲಿ ಅವರಲ್ಲೇ ಒಬ್ಬ ಜಾರಿದ. ಕುರ್ಚಿ ಒಂದು ಕಡೆ ವಾಲಿತು. ಅಕ್ಕ ಕೂಗಲಿಲ್ಲ, ಸೆರಗು ಸರಿಮಾಡಿಕೊಂಡಳು. ಅದನ್ನೊಂದು ಮಾತ್ರ ನಾನು ಖಂಡಿತ ನೋಡಿದ್ದೇನೆ.

ಅದೇ ಕುರ್ಚಿಯಲ್ಲಿ ಕೂತಲ್ಲೇ ಊಟ ಮಾಡಿದಳು, ಶಾಂತಳಿಗೆ ಸೀರೆ ಕೊಟ್ಟಳು, ಮತ್ತೆ ಅದರಲ್ಲೇ ಕೆಳಗಿಳಿದಳು. ಹೊರಡುವಾಗ ನನ್ನನ್ನು ಹತ್ತಿರ ಕರೆದು ಮೆಲ್ಲಗೆ ಹೇಳಿದಳು:

"ತಮ್ಮಾ, ಮನಿ ಚೊಲೋ ಆಗೈತಿ. ಆದರ ನಾ ಸಾಮಾನಿನಂಗ ಹೊರಿಸ್ಕೊಂಡು ಬರಾಕಿ ಅಲ್ಲ. ನನ್ನ ಕಾಲಿಲೆ ನಾ ಬರೂ ಹಂಗ ಆದ ಮ್ಯಾಲೆ ಕರಿ."

ನಮ್ಮ ಕಡೆ ಹೆಣ್ಣುಮಕ್ಕಳಿಗೆ ನಾಗರಪಂಚಮಿಗೆ ತವರಿಗೆ ಬರುವುದೆಂದರೆ ಏನೆಂದು ನಿಮಗೆ ಗೊತ್ತು. ಮುಹೂರ್ತ ಬಿಟ್ಟ ಅಪ್ಪ ಕೂಡ ಪಂಚಮಿಯ ಉಂಡಿ ಬಿಟ್ಟಿರಲಿಲ್ಲ. ಮಗಳನ್ನು ಕರೆದು ತರಲು ತಾನೇ ಹೋಗುತ್ತಿದ್ದ. ಮಸ್ಕಿಯ ಮನೆ ಈಗ ನಮ್ಮದಾಗಿ ಉಳಿದಿಲ್ಲ. ಅಪ್ಪ ಅವ್ವ ಇಲ್ಲ. ಅಕ್ಕನಿಗೆ ತವರು ಅಂತಿದ್ದರೆ ಈ ಮನೆಯೇ. ಆ ವರ್ಷದ ಪಂಚಮಿಗೆ ಕರೆಯಲು ಹೋದೆ. ಏರು ಏನಾಯಿತು ಎಂದು ಕೇಳಿದಳು. ಇನ್ನೂ ನೋಡುತ್ತಿದ್ದೇನೆ ಅಂದೆ. ನನ್ನ ಕೈಗೇ ಒಂದು ಡಬ್ಬಿ ಉಂಡಿ ಕೊಟ್ಟು ಕಳಿಸಿದಳು. ಮರುವರ್ಷವೂ ಅದೇ ಪ್ರಶ್ನೆ, ಅದೇ ಉತ್ತರ, ಡಬ್ಬಿ ಮಾತ್ರ ದೊಡ್ಡದು. ತವರಿನವರು ಹೆಣ್ಣುಮಗಳ ಮನೆಯಿಂದ ಉಂಡಿ ಹೊತ್ತುಕೊಂಡು ಬರುವ ಪದ್ಧತಿ ಯಾವ ಊರಿನದೆಂದು ಶಾಂತಾ ಕೇಳಿದಳು. ಬರುವ ವರ್ಷದ ಪಂಚಮಿಗೂ ಅಕ್ಕ ಬರದಿದ್ದರೆ ಮುಂದೆ ನೀವು ಕರೆಯಲು ಹೋಗುವುದೇ ಬೇಡ, ಆಕೆಗೂ ಬೇಸರ, ನಮಗೂ ನಾಚಿಕೆ ಎಂದಳು.

ಎರಡು ವರ್ಷ ನಾನು ಏನು ಮಾಡುತ್ತಿದ್ದೆ ಎಂದು ನೀವು ಕೇಳಬಹುದು. ವಿಚಾರ ಮಾಡುತ್ತಿದ್ದೆ. ವಿಶ್ವವಿದ್ಯಾಲಯದಲ್ಲಿ ಕಲಿತು ಬಂದ ರೋಗ ಇದು. ಒಂದು ಕಲ್ಲನ್ನು ಇದ್ದ ಜಾಗದಿಂದ ಎತ್ತುವ ಮೊದಲು ಅದರ ವಿರುದ್ಧ ಹೇಳಬಹುದಾದ್ದನ್ನೆಲ್ಲ ಹೇಳಿ ಮುಗಿಸಬೇಕು.

ಮೊದಲು ಪೇವರ್ ಬ್ಲಾಕುಗಳ ವಿಚಾರ ಬಂತು. ಅಂಗಡಿಯವನು ಕಾಲು ಗಟ್ಟಿಯಾಗಿ ಹಿಡಿಯುತ್ತದೆ ಎಂದು ಎರಡು ಕೊಟ್ಟು ಕಳಿಸಿದ. ಆದರೆ ಏರಿನ ಮೇಲೆ ಕಾರು ಬ್ರೇಕ್ ಹಾಕಿದಾಗಲೆಲ್ಲ ಅವು ಒಂದೊಂದು ಕೂದಲೆಳೆ ಕೆಳಕ್ಕೆ ಸರಿಯುತ್ತ ಹೋಗುತ್ತವೆ ಎಂದು ಮೌನೇಶಪ್ಪ ಹೇಳಿದ. ನಮ್ಮ ಓಣಿಯ ಕೊನೆಯ ಮನೆಗೆ ಹೋಗಿ ನೋಡಿದೆ. ಅವರ ಇಳಿಜಾರಿನ ಸಾಲುಗಳು ಕೆಳಗೆ ಬಂದು ಗಟಾರಕ್ಕೆ ಇಣುಕುತ್ತಿದ್ದವು. ತಂದ ಎರಡು ಬ್ಲಾಕುಗಳು ಈಗ ತುಳಸಿ ಕುಂಡದ ಕೆಳಗಿವೆ.

ಆಮೇಲೆ ಡಾಂಬರು. ಡಾಂಬರು ಅಂದ ಕೂಡಲೇ ನನಗೆ ಅಪ್ಪನ ವಾಸನೆ ಬರುತ್ತದೆ. ಅಪ್ಪ ರಸ್ತೆ ರಿಪೇರಿಯ ಗ್ಯಾಂಗಿನಲ್ಲಿದ್ದ. ಮಸ್ಕಿ ಲಿಂಗಸುಗೂರು ನಡುವೆ ಅವನು ಮುಚ್ಚದ ತಗ್ಗಿಲ್ಲ. ಸಂಜೆ ಮನೆಗೆ ಬಂದರೆ ಅವನ ಧೋತರದಿಂದ, ಕೂದಲಿನಿಂದ, ಬೀಡಿಯಿಂದ ಕೂಡ ಡಾಂಬರಿನ ವಾಸನೆ. ಬೇಸಿಗೆಯಲ್ಲಿ ನಾವು ಮೆತ್ತಗಾದ ರಸ್ತೆಯ ಅಂಚಿನಿಂದ ಡಾಂಬರು ಕಿತ್ತು ಗೋಲಿ ಮಾಡುತ್ತಿದ್ದೆವು. ಅಂಥ ಒಂದು ಗೋಲಿಯನ್ನು ಚಡ್ಡಿಯ ಕಿಸೆಯಲ್ಲಿಟ್ಟು ಮರೆತು ಸಾಲಿಯಲ್ಲಿ ಕುಳಿತಿದ್ದೆ. ಮಧ್ಯಾಹ್ನದ ಹೊತ್ತಿಗೆ ಕಿಸೆ, ಚಡ್ಡಿ, ತೊಡೆ ಮೂರೂ ಒಂದಾಗಿದ್ದವು. ಅಕ್ಕ ಚಿಮಣಿ ಎಣ್ಣೆ ಹಚ್ಚಿ ತಿಕ್ಕಿ ತಿಕ್ಕಿ ಬಿಡಿಸಿದಳು. ತೊಡೆಯ ಮೇಲೆ ಕಲೆ ಈಗಲೂ ಇದೆ. ಅದು ಹುಟ್ಟುಮಚ್ಚೆ ಎಂದು ಶಾಂತಾ ವಾದಿಸುತ್ತಾಳೆ. ನಮ್ಮ ಬಿಸಿಲಿಗೆ ಮನೆಯ ಮುಂದೆ ಡಾಂಬರು ಹಾಕಿದರೆ ಅಕ್ಕನ ಚಪ್ಪಲಿ ಅಲ್ಲೇ ಅಂಟಿ ನಿಂತು ಅವಳೊಬ್ಬಳೇ ಒಳಗೆ ಬರಬೇಕಾಗುತ್ತದೆ. ಅದೂ ಬೇಡವಾಯಿತು.

ಶಹಾಬಾದಿನ ಫರಸಿಯನ್ನು ನಾನು ಬಹಳ ಪ್ರೀತಿಸುತ್ತೇನೆ. ಬೇಸಿಗೆ ಮಧ್ಯಾಹ್ನ ಫರಸಿಯ ಮೇಲೆ ಬರಿಮೈಯಲ್ಲಿ ಮಲಗಿ, ಒಂದು ಮಗ್ಗುಲು ಬಿಸಿಯಾದಾಗ ಪಕ್ಕದ ತಣ್ಣನೆಯ ಕಲ್ಲಿಗೆ ಉರುಳಿ, ಹೀಗೆ ಉರುಳುತ್ತ ಪಡಸಾಲೆಯ ಈ ಗೋಡೆಯಿಂದ ಆ ಗೋಡೆಗೆ ತಲುಪಿದವರಿಗೆ ಮಾತ್ರ ಅದರ ಬೆಲೆ ತಿಳಿದೀತು. ಆದರೆ ಅದು ಮಲಗುವವರ ಕಲ್ಲು, ಏರುವವರದಲ್ಲ. ನಾಲ್ಕು ಮಳೆ ಬಿದ್ದರೆ ನುಣ್ಣಗಾಗುತ್ತದೆ.

ಕೊನೆಗೆ ನನ್ನ ಮನಸ್ಸು ಹೋಗಿ ನಿಂತದ್ದು ಮಸ್ಕಿಯ ನಮ್ಮ ಹಳೆಯ ಮನೆಯ ಏರಿಗೆ. ಗುಡ್ಡದ ಬುಡದ ಓಣಿಯಿಂದ ನಮ್ಮ ಬಾಗಿಲಿಗೆ ಹತ್ತುವ ಕಡಿದಾದ ಏರು, ಅದಕ್ಕೆ ದೊಡ್ಡ ದೊಡ್ಡ ಕಲ್ಲು, ಕಲ್ಲಿನ ಮೇಲೆ ಉಳಿಯಿಂದ ಅಡ್ಡಡ್ಡ ಹೊಡೆದ ಗೀರುಗಳು. ಆ ಉಳಿಯ ಟಿಕ್ ಟಿಕ್ ಸದ್ದು ಕೂಡ ನನ್ನ ಕಿವಿಯಲ್ಲಿತ್ತು. ಹಾಗೆಯೇ ಒರಟು ಕಲ್ಲು ತರಿಸಿ ಹಾಗೆಯೇ ಕಚ್ಚು ಹೊಡೆಸೋಣ ಎಂದು ಮೌನೇಶಪ್ಪನಿಗೆ ಹೇಳಿದೆ. ಕಚ್ಚು ಎಷ್ಟು ಆಳ, ಎಷ್ಟು ಅಂತರ ಎಂದು ಕೇಳಿದ. ಗೊತ್ತಿರಲಿಲ್ಲ. ನೋಡಿಯೇ ಬರೋಣವೆಂದು ಅವನನ್ನು ಬೈಕಿನ ಹಿಂದೆ ಕೂರಿಸಿಕೊಂಡು ಮಸ್ಕಿಗೆ ಹೋದೆ.

ಹೋಗಿ ನೋಡಿದರೆ ಏರೇ ಇಲ್ಲ. ಮನೆ ಕೊಂಡವರು ಕೆಡವಿ ಹೊಸದು ಕಟ್ಟಿದ್ದರು, ಅದು ಗೊತ್ತಿದ್ದದ್ದೇ. ಓಣಿಯೇ ಎದ್ದು ನಿಂತಿತ್ತು. ಗರಸಿನ ಮೇಲೆ ಜಲ್ಲಿ, ಜಲ್ಲಿಯ ಮೇಲೆ ಡಾಂಬರು, ಡಾಂಬರಿನ ಮೇಲೆ ಕಾಂಕ್ರೀಟು ಹೀಗೆ ಒಂದರ ಮೇಲೊಂದು ಬಿದ್ದು ರಸ್ತೆ ಮನೆಗಳ ಹೊಸ್ತಿಲಿಗೆ ಬಂದು ಮುಟ್ಟಿತ್ತು. ಕೆಲವು ಮನೆಗಳಿಗಂತೂ ಇಳಿದೇ ಹೋಗಬೇಕು. ನನ್ನ ಏರು ಇದ್ದರೆ ಅದು ಈ ರಸ್ತೆಯ ಹೊಟ್ಟೆಯೊಳಗಿದೆ. ಎಷ್ಟೋ ಶತಮಾನದ ಹಿಂದಿನ ಶಾಸನ ಅದೇ ಗುಡ್ಡದಲ್ಲಿ ಓದಲು ಬರುವಂತಿದೆ; ನನ್ನ ಬಾಲ್ಯದ ಹದಿನೈದು ಅಡಿ ಎಲ್ಲೂ ಇಲ್ಲ.

ಎದುರು ಮನೆಯ ಕಟ್ಟೆಯ ಮೇಲೆ ಯಂಕಮ್ಮಾಯಿ ಕುಳಿತಿದ್ದಳು. ನಮ್ಮವ್ವನ ಗೆಳತಿ. ಈಗ ಕಣ್ಣು ಮಂಜು, ಕಿವಿ ಚುರುಕು. ಗುರುತು ಹೇಳಿ, ನಮ್ಮ ಮನೆಯ ಏರಿನ ಬಗ್ಗೆ ಕೇಳಿದೆ.

"ಯಾವ ಏರೋ ಯಪ್ಪಾ? ನಿಮ್ಮ ಮನಿಗಿ ಏರು ಎಲ್ಲಿತ್ತು," ಅಂದಳು. "ನೀನಾ ಸಣ್ಣಾಂವ ಇದ್ದಿ."

ಮೌನೇಶಪ್ಪ ಆ ಕಡೆ ಮುಖ ತಿರುಗಿಸಿಕೊಂಡ. ಉಳಿಯ ಸದ್ದಾದರೂ ಕೇಳಿದ್ದೀಯಾ ಎಂದೆ. ಅದು ಕೇಳಿದ್ದಾಳಂತೆ. ಬೀಸುವ ಕಲ್ಲು ಸವೆದಾಗ ಅದಕ್ಕೆ ಉಳಿಯಿಂದ ಮತ್ತೆ ಒರಟು ಮಾಡಿಕೊಡುವ ಹೆಂಗಸೊಬ್ಬಳು ಓಣಿಗೆ ಬರುತ್ತಿದ್ದಳಂತೆ. ಎಲ್ಲರ ಕಲ್ಲೂ ನಮ್ಮ ಮನೆಯ ಮುಂದೆಯೇ ಇಟ್ಟುಕೊಂಡು ಕೂರುತ್ತಿದ್ದಳಂತೆ, ಅಲ್ಲಿ ಬೇವಿನ ನೆರಳಿತ್ತು. ನೀನು ಆಕೆಯ ಎದುರಿಗೇ ಕುಂತಿರುತ್ತಿದ್ದೆ, ಕಣ್ಣಿಗೆ ಕಲ್ಲಿನ ಚೂರು ಸಿಡಿದೀತು ಅಂತ ನಿಮ್ಮವ್ವ ಬೈಯುತ್ತಿದ್ದಳು ಎಂದಳು.

ಬೈಕು ತಿರುಗಿಸಿ ಊರಿನ ದಾರಿ ಹಿಡಿದೆ. ಯಾರದೋ ಬೀಸುವ ಕಲ್ಲಿನ ಗೀರುಗಳನ್ನು ತಂದು ಇಲ್ಲದ ಏರಿನ ಮೇಲೆ ಹೊಡೆದು ಐವತ್ತು ವರ್ಷ ಕಾಪಾಡಿಕೊಂಡಿದ್ದೆನಲ್ಲ. ಮೌನೇಶಪ್ಪ ಹಿಂದಿನಿಂದ ಸಮಾಧಾನದ ದನಿಯಲ್ಲಿ, ಕಾಂಕ್ರೀಟ್ ಹಾಕಿಬಿಡೋಣ ಸರ್, ಅರ್ಧ ಗಟ್ಟಿಯಾದ ಮೇಲೆ ಸಲಾಕಿಯಿಂದ ನಾನೇ ಅಡ್ಡ ಗೀರು ಎಳೆದು ಕೊಡುತ್ತೇನೆ, ನೂರು ವರ್ಷ ಬರುತ್ತದೆ ಅಂದ. ನೂರು ವರ್ಷದ ಮಾತು ಕೇಳಿ ನನಗೆ ಅನುಮಾನ ಬಂತು, ಆದರೆ ವಾದ ಮಾಡುವ ಶಕ್ತಿ ಉಳಿದಿರಲಿಲ್ಲ.

ಬೇಸಿಗೆಯಲ್ಲಿ ಗ್ರಾನೈಟು ಕೀಳಿಸಿದೆವು. ಫೋನಿನಲ್ಲಿ ಅಕ್ಕನಿಗೆ ಹೇಳಿದಾಗ ಅವಳು ಕೇಳಿದ್ದು ಒಂದೇ ಪ್ರಶ್ನೆ: ಇಳಿಜಾರಿನ ಮೇಲೆ ನೀರು ಹೇಗೆ ನಿಲ್ಲಿಸುತ್ತೀ? ಕಾಂಕ್ರೀಟು ಹದಿನೈದು ದಿನ ನೀರು ಕುಡಿಯಬೇಕು, ಏರಿನಲ್ಲಾದರೆ ಹಾಕಿದ ನೀರೆಲ್ಲ ರಸ್ತೆಗೆ ಹರಿಯುತ್ತದೆ. ಕಾಲುವೆ ಸೀಮೆಯಲ್ಲಿ ಬಾಳಿದವರಿಗೆ ನೀರು ನಿಲ್ಲಿಸುವ ವಿದ್ಯೆ ಯಾರೂ ಕಲಿಸಬೇಕಿಲ್ಲ. ಆಗ ತಾನೇ ಬೇಸಿಗೆಯ ನೆಲ್ಲು ಕೊಯ್ಲಾಗಿತ್ತು. ಬಳಗಾನೂರಿನ ತನ್ನ ಹಳೆಯ ವಿದ್ಯಾರ್ಥಿಯೊಬ್ಬನಿಗೆ ಹೇಳಿ ಒಂದು ಟಂಟಂ ಆಟೋ ತುಂಬ ನೆಲ್ಲಿನ ಹುಲ್ಲು ಕಳಿಸಿದಳು. ಅದನ್ನು ಹಾಸಿ, ಅಡ್ಡಡ್ಡ ಮಣ್ಣಿನ ಒಡ್ಡು ಹಾಕಿ, ದಿನಕ್ಕೆ ಮೂರು ಸಲ ನೀರು ಬಿಡಬೇಕು. ನಾಳೆ ಹಾಸು ಎಂದಳಂತೆ. ಹಾಸು ಎಂದದ್ದು ನನಗೆ ನೆನಪಿದೆ. ನಾಳೆ ಎಂದದ್ದು ನೆನಪಿಲ್ಲ.

ಕಾಂಕ್ರೀಟು ಸುರಿದು, ಮಟ್ಟ ಮಾಡಿ, ಮೌನೇಶಪ್ಪ ಊಟಕ್ಕೆ ಹೋದ. ಗಟ್ಟಿಯಾಗಲು ಹೊತ್ತಿದೆ, ಬಂದು ಗೀರು ಎಳೆಯುತ್ತೇನೆ, ಯಾರೂ ಮುಟ್ಟಬೇಡಿ ಎಂದಿದ್ದ. ನಾನು ಹಸಿ ರ‍್ಯಾಂಪನ್ನು ಕಾಯುತ್ತ ಕುಳಿತೆ. ತಲೆ ಸುಡುವ ಬಿಸಿಲು. ನೋಡುತ್ತಿದ್ದಂತೆ ಮೇಲಿನ ಬಣ್ಣ ಬಿಳುಪಾಗತೊಡಗಿತು. ಹೀಗೇ ಬಿಟ್ಟರೆ ಒಡೆದುಹೋಗುತ್ತದೆ ಅನ್ನಿಸಿತು. ಪಕ್ಕದಲ್ಲೇ ಹುಲ್ಲಿನ ರಾಶಿ. ಅದರ ವಾಸನೆ ಮೂಗಿಗೆ ಬಂದದ್ದೇ ತಡ, ಒಂದು ಚಿತ್ರ ಎದ್ದು ನಿಂತಿತು: ಮಸ್ಕಿಯ ಮನೆಯ ಮುಂದೆ ಅಪ್ಪ, ತಲೆಗೆ ವಸ್ತ್ರ ಸುತ್ತಿಕೊಂಡು, ತೆಕ್ಕೆ ತೆಕ್ಕೆ ಹುಲ್ಲು ತಂದು ಏರಿನ ಮೇಲೆ ಹಾಸುತ್ತಿದ್ದಾನೆ. ಅವಸರದಲ್ಲಿ. ಬಾಯಲ್ಲಿ ಬೀಡಿ. ಅಪ್ಪ ರಸ್ತೆ ಕೆಲಸದವನು, ಅವನಿಗಿಂತ ತಿಳಿದವರು ಯಾರು?

ಎಲ್ಲವನ್ನೂ ಅನುಮಾನಿಸುವವನಿಗೂ ಒಮ್ಮೊಮ್ಮೆ ಅನುಮಾನಿಸಿ ಬೇಸರವಾಗುತ್ತದೆ. ಬೀಸುವ ಕಲ್ಲಿನ ಪ್ರಸಂಗ ನಡೆದು ತಿಂಗಳೂ ಆಗಿರಲಿಲ್ಲ. ಆದರೂ ನಾನು ಎದ್ದು, ತೆಕ್ಕೆ ತೆಕ್ಕೆ ಹುಲ್ಲು ತಂದು, ಹಸಿ ಕಾಂಕ್ರೀಟಿನ ಮೇಲೆ ಅಂಚಿನಿಂದ ಅಂಚಿಗೆ ಹಾಸಿ, ಮೇಲೆ ಹಲಗೆಯಿಂದ ಒತ್ತಿ, ನೀರು ಚಿಮುಕಿಸಿದೆ. ಅಪ್ಪ ಮೆಚ್ಚಿದಂತಾಯಿತು.

ಮೌನೇಶಪ್ಪ ಬಂದು ನೋಡಿ ಬಾಯಲ್ಲಿದ್ದ ಎಲೆಅಡಿಕೆ ಉಗುಳಿ ಬಂದ. ಅಷ್ಟು ಹೊತ್ತು ಅವನಿಗೆ ಬೇಕಾಗಿತ್ತು.

"ಸರ್, ಇದು ಏನು ಗದ್ದಿ ಅಂತ ತಿಳಕೊಂಡೀರೇನು? ಎಳ್ಯಾಕ ಹೋದ್ರ ಮ್ಯಾಲಿನ ಪದರಾನೂ ಕಿತ್ಕೊಂಡು ಬರ್ತೈತಿ. ನಾ ಗೀರು ಎಲ್ಲಿ ಎಳೀಲಿ?"

ಎಳೆಯುವ ಹಾಗಿರಲಿಲ್ಲ. ಬಿಡುವ ಹಾಗೂ ಇರಲಿಲ್ಲ. ಇನ್ನು ಹದಿನೈದು ದಿನ ಇದರ ಮೇಲೆಯೇ ನೀರು ಬಿಡಿ, ಆಮೇಲೆ ನೋಡೋಣ, ಕೆಟ್ಟಿದ್ದರೆ ಒಡೆದು ಹಾಕೋಣ ಎಂದು ಹೇಳಿ, ಒಡ್ಡು ಹಾಕಿಕೊಟ್ಟು ಹೋದ. ಶಾಂತಾ ಏನೂ ಅನ್ನಲಿಲ್ಲ. ಅವಳು ಏನೂ ಅನ್ನದ ದಿನಗಳು ನಮ್ಮ ಮನೆಯಲ್ಲಿ ಬಹಳ ಉದ್ದ.

ಏಳನೆಯ ದಿನ ಬೆಳಿಗ್ಗೆ ಹೊರಗೆ ಬಂದವನಿಗೆ ರ‍್ಯಾಂಪಿನ ಬಣ್ಣ ಬೇರೆಯಾಗಿ ಕಂಡಿತು. ಕನ್ನಡಕ ಹಾಕಿಕೊಂಡು ಬಂದು ನೋಡಿದೆ. ಮಿಷನ್ನಿನಲ್ಲಿ ಕೊಯ್ದ ಹುಲ್ಲಿನಲ್ಲಿ ಅಷ್ಟಿಷ್ಟು ಕಾಳು ಉಳಿದಿತ್ತು. ನಾನು ದಿನಕ್ಕೆ ಮೂರು ಹೊತ್ತು ಭಕ್ತಿಯಿಂದ ನೀರು ಬಿಟ್ಟಿದ್ದೆ. ನೆಲ್ಲು ಮೊಳೆತಿತ್ತು. ಒಡ್ಡಿನ ಸಾಲಿಗುಂಟ ದಟ್ಟವಾಗಿ, ನಡುವೆ ಚೆದುರಿ, ಎಳೆ ಹಸುರು. ತೊಗರಿ, ಸಜ್ಜೆ ಬೆಳೆಯುವ ಒಣ ಲಿಂಗಸುಗೂರಿನ ದಿಬ್ಬದ ಮೇಲೆ ನಮ್ಮ ಮನೆಯ ಮುಂದೆ ಮಾತ್ರ ಸಿಂಧನೂರು.

ಓಣಿಯವರು ಬಂದು ನೋಡಿ ಹೋದರು. ಕಾಲುವೆ ಯಾವಾಗ ಬಿಟ್ಟರು ಸರ್ ಎಂದು ಒಬ್ಬರು ಕೇಳಿದರು. ಮೇಲಿನ ಮನೆಯವರ ಆಕಳು ಎರಡು ದಿನ ಗೇಟಿನ ಮುಂದೆ ಠಿಕಾಣಿ ಹೂಡಿತು. ಫೋಟೋ ತೆಗೆದು ಅಕ್ಕನಿಗೆ ಕಳಿಸಿದೆ. ಅವಳಿಂದ ಉತ್ತರ ಬಂತು: ಕಳೆ ತೆಗಿ.

ಹದಿನೈದು ದಿನವಾದ ಮೇಲೆ ಮೌನೇಶಪ್ಪನೂ ನಾನೂ ಸೇರಿ ಕೀಳಲು ಕುಳಿತೆವು. ಬಹಳಷ್ಟು ಚಾಪೆಯಂತೆ ಎದ್ದು ಬಂತು. ಅಂಟಿಕೊಂಡದ್ದನ್ನು ತಂತಿಯ ಬ್ರಷ್ಷಿನಿಂದ ತಿಕ್ಕಿದೆವು. ತೊಳೆದು ನೋಡಿದರೆ, ಇಡೀ ಇಳಿಜಾರಿನ ಮೇಲೆ ಸಾವಿರಾರು ಸಣ್ಣ ಗೀರುಗಳು. ಉದ್ದ, ಅಡ್ಡ, ಓರೆ, ಒಂದರ ಮೇಲೊಂದು, ಹುಲ್ಲಿನ ಗೆಣ್ಣು ಕೂಡ ಎಣಿಸಬಹುದಾದಷ್ಟು ಸ್ಪಷ್ಟ. ಮೌನೇಶಪ್ಪ ಒಂದು ಕೊಡ ನೀರು ಸುರಿದು, ಬರಿಗಾಲಲ್ಲಿ ಹತ್ತಿದ. ಇಳಿದ. ಓಡುತ್ತ ಹತ್ತಿದ. ಸುತ್ತಿಗೆಯಿಂದ ಅಲ್ಲಲ್ಲಿ ಬಡಿದು ಕಿವಿಗೊಟ್ಟ. ಗಟ್ಟಿ ಬಂದೈತ್ರಿ ಅಂದ. ಸುತ್ತಿಗೆ ಚೀಲಕ್ಕೆ ಹಾಕುತ್ತ, ಇದೊಂದು ಡಿಸೈನ್ ಅಂತ ಬೇರೆ ಕಡೆಗೂ ಮಾಡಬಹುದು ಎಂದು ತನಗೆ ತಾನೇ ಹೇಳಿಕೊಂಡ. ಈಗ ಊರಲ್ಲಿ ಎರಡು ಮನೆಗೆ ಮಾಡಿದ್ದಾನೆ. ನನ್ನ ಹೆಸರು ಎಲ್ಲೂ ಹೇಳಿಲ್ಲ.

ಅಂದೇ ಅಕ್ಕನಿಗೆ ಫೋನು ಮಾಡಿದೆ. ಕಾರು ತರುತ್ತೇನೆ, ಬಾ ಅಂದೆ. ಬೇಸಿಗೆಯ ಏರು ಏನು ಏರು, ಮಳೆ ಬೀಳಲಿ, ಪಂಚಮಿಗೆ ನೋಡೋಣ ಅಂದಳು. ಅನುಮಾನ ನಮ್ಮ ಮನೆತನಕ್ಕೇ ಇದೆ, ನಾನೊಬ್ಬನೇ ಓದಿ ಸಂಪಾದಿಸಿದ್ದಲ್ಲ.

ಪಂಚಮಿಯ ಹಿಂದಿನ ದಿನ ಅವಳು ಬಂದಳು. ಕರೆಯಲು ಹೋಗಲು ನಾನು ಸಿದ್ಧನಾಗಿದ್ದರೂ ತಾನೇ ಬಸ್ಸಿನಲ್ಲಿ ಬಂದು, ಬಸ್‌ಸ್ಟ್ಯಾಂಡಿನಿಂದ ಆಟೋ ಮಾಡಿಕೊಂಡು ಬಂದಳು. ಬೆಳಗಿನಿಂದ ಜಿಟಿಜಿಟಿ ಮಳೆ. ಏರಿನ ಮೇಲೆ ನೀರು ಸಣ್ಣ ಸಣ್ಣ ಎಳೆಯಾಗಿ ಇ‌ಳಿಯುತ್ತಿತ್ತು. ಅಕ್ಕ ಆಟೋ ಇಳಿದು, ಚೀಲವನ್ನು ಶಾಂತಳ ಕೈಗೆ ಕೊಟ್ಟು, ಚಪ್ಪಲಿ ಕಳಚಿ ಬದಿಗಿಟ್ಟಳು. ಕೋಲು ಊರಿದಳು. ಜಾರಲಿಲ್ಲ. ಒತ್ತಿ ಊರಿದಳು. ನಾನು ಹತ್ತಿರ ಹೋದೆ.

"ನೀ ಮುಂದ ನಡಿ," ಅಂದಳು. "ಹಿಂದ ನಿಂತು ಉಸುರು ಬಿಡಬ್ಯಾಡ."

ಮುಂದೆ ನಡೆದೆ. ತಿರುಗಿ ನೋಡುವ ಹಾಗಿರಲಿಲ್ಲ. ಕೋಲಿನ ಸದ್ದು, ಆಮೇಲೆ ಒದ್ದೆ ಪಾದದ ಸದ್ದು, ಮತ್ತೆ ಕೋಲು. ಅರ್ಧಕ್ಕೆ ಬಂದಾಗ ಸದ್ದು ನಿಂತಿತು. ಅಲ್ಲೇ ಆ ಕುರ್ಚಿ ವಾಲಿದ್ದು. ನನ್ನ ಬೆನ್ನೆಲ್ಲ ಕಿವಿಯಾಯಿತು. ಇನ್ನೇನು ತಿರುಗಬೇಕು, ಅಷ್ಟರಲ್ಲಿ ಅವಳ ದನಿ: ಇವೇನು ಗೀರು?

ಹುಲ್ಲಿನವು ಅಂದೆ. ನೀನು ಕಳಿಸಿದ ಹುಲ್ಲೇ, ಅಪ್ಪ ಮಾಡಿದ ಹಾಗೆ ಹಸಿಯಿದ್ದಾಗಲೇ ಹಾಸಿದೆ ಎಂದು ಹೇಳಿ ತಿರುಗಿದೆ. ಅಕ್ಕ ಕೋಲಿನ ಮೇಲೆ ಎರಡೂ ಕೈಯಿಟ್ಟು ನಗುತ್ತಿದ್ದಳು. ಅಷ್ಟು ಕಡಿದಾದ ಜಾಗದಲ್ಲಿ ನಿಂತು ಹಾಗೆ ನಗಬಾರದು.

"ಲೇ ಹುಚ್ಚಾ, ಅಪ್ಪ ಹಾಕಿದ್ದು ಸಿಮೆಂಟಿಗಲ್ಲೋ, ಎಮ್ಮಿಗಿ. ಮಳ್ಯಾಗ ಒಮ್ಮಿ ಏರಿನ ಮ್ಯಾಲೆ ಜಾರಿ ಬಿದ್ದಿತ್ತು. ಅವತ್ತಿನಿಂದ ಹತ್ತಾಕ ಒಲ್ಲೆ ಅಂತಿತ್ತು. ಜಗ್ಗಿದ್ರ ಬರಲಿಲ್ಲ, ಬಡದ್ರ ಬರಲಿಲ್ಲ. ಕಡೀಗಿ ಅಪ್ಪ ಏರಿನ ತುಂಬ ಹುಲ್ಲು ಹಾಸಿ ಕಟ್ಟಿ ಮ್ಯಾಲೆ ಸುಮ್ಮನ ಕುಂತ. ತಿನ್ಕೊಂತ ತಿನ್ಕೊಂತ ತಾನಾ ಬಂತು."

"ಹಂಗಾರ ಏರು ಇತ್ತು?" ನಾನು ಕೇಳಿದೆ. ಐವತ್ತು ವರ್ಷದ ಆಸ್ತಿ ಮರಳಿ ಬಂದಂತೆ ಆಗಿತ್ತು.

"ಇರಲಾರದ ಎಮ್ಮಿ ಎಲ್ಲಿ ಜಾರೀತು? ನೀ ಕೆಂಪಂಗಿ ಹಾಕ್ಕೊಂಡು ಅದರ ಬಾಲ ಹಿಡಕೊಂಡಿದ್ದಿ."

ಇಲ್ಲಿ ಮತ್ತೆ ಅನುಮಾನ. ಕೆಂಪು ಅಂಗಿ ನನ್ನ ಹತ್ತಿರ ಎಂದೂ ಇರಲಿಲ್ಲ. ಯಂಕಮ್ಮಾಯಿ ಏರಿಲ್ಲ ಅಂದಳು, ಅಕ್ಕ ಇತ್ತು ಅನ್ನುತ್ತಾಳೆ, ಆದರೆ ಅವಳ ಏರಿನ ಮೇಲೆ ಯಾರದೋ ಕೆಂಪಂಗಿಯ ಮಗು ನಿಂತಿದೆ. ನಾನಿದನ್ನು ವಿಚಾರ ಮಾಡುತ್ತಿರುವಾಗಲೇ ಅಕ್ಕ ಕೋಲು ಎತ್ತಿ ಮುಂದಿಟ್ಟಳು. ಅವಾಗ ಎಮ್ಮಿಗಿ ಹಾಸಿದ್ದ ಅಪ್ಪ, ಈಗ ನನಗ ಹಾಸೀದಿ ನೀ ಎಂದು ಗೊಣಗುತ್ತ, ನನ್ನನ್ನು ದಾಟಿ, ಉಳಿದ ಏಳು ಅಡಿಯನ್ನು ಎಲ್ಲೂ ನಿಲ್ಲದೆ ಹತ್ತಿದಳು. ಮೇಲೆ ಹೋಗಿ ನಿಂತು ಹಿಂದಕ್ಕೊಮ್ಮೆ ನೋಡಿದಳು. ಏದುಸಿರು ಬಿಡುತ್ತಿದ್ದಳು. ಸೆರಗಿನಿಂದ ಮುಖದ ಮಳೆ ಒರೆಸಿಕೊಂಡಳು.

ನಾನೂ ಶಾಂತಳೂ ಹಿಂದೆಯೇ ಹತ್ತಿ ಬಂದೆವು. ಅಕ್ಕ ಹೊಸ್ತಿಲ ಬಳಿ ಹೋಗಿ ಒಂದು ಪಾದ ಒಳಗಿಟ್ಟಳು. ಕೂಡಲೇ ಹಿಂದಕ್ಕೆ ತೆಗೆದುಕೊಂಡಳು. ಇನ್ನೊಮ್ಮೆ ಹೆಬ್ಬೆರಳಿನಿಂದ ಮುಟ್ಟಿ ನೋಡಿದಳು. ಪಡಸಾಲೆಯ ನೆಲ ಹಬ್ಬಕ್ಕೆಂದು ಒರೆಸಿ ಫಳಫಳ ಹೊಳೆಯುತ್ತಿತ್ತು. ಗೋಡೆಯ ಮೇಲಿನ ಬುದ್ಧ ಕೆಳಗೂ ತಲೆಕೆಳಗಾಗಿ ಕೂತಿದ್ದ. ಬಾಗಿಲಿನಿಂದ ಅಡುಗೆಮನೆಯವರೆಗೆ ಕನ್ನಡಿಯಂಥ ಟೈಲ್ಸು.

ನಾನು ಶಾಂತಳ ಮುಖ ನೋಡಿದೆ. ಅವಳು ನನ್ನ ಮುಖ ನೋಡಿದಳು. ಎರಡು ವರ್ಷ, ಮೂರು ಊರು, ಒಂದು ಟಂಟಂ ಹುಲ್ಲು. ಒಳಗಿನ ನೆಲ ನಮ್ಮಿಬ್ಬರಿಗೂ ಒಮ್ಮೆಯೂ ಹೊಳೆದಿರಲಿಲ್ಲ.

ಅಕ್ಕ ನೆಲ ನೋಡಿದಳು, ನನ್ನನ್ನು ನೋಡಿದಳು. ಬೈಯುತ್ತಾಳೆ ಅಂದುಕೊಂಡೆ. ಅವಳು ಕೋಲನ್ನು ಬಾಗಿಲಿಗೆ ಒರಗಿಸಿ, ಒದ್ದೆ ಕೈಯನ್ನು ಸೀರೆಗೆ ಒರೆಸಿ, ನನ್ನ ಕಡೆ ಚಾಚಿದಳು.

"ಹಿಡಿ," ಅಂದಳು. "ಮನಿಗಿ ಬಂದೀನಲ್ಲ, ಇನ್ನ ಹಿಡದ್ರ ನಡೀತೈತಿ."